ಪಾರ್ಕಿನಲ್ಲಿ ನಿದ್ದೆ

ಮಧ್ಯಾಹ್ನ ಎರಡೂಕಾಲಿಗೆ
ಒಂಟಿಕೊಪ್ಪಲಿನ ಈ ಪುಟ್ಟ ಪಾರ್ಕಿನಲ್ಲಿ
ಐದು ಜನ ಗಂಡಸರು ಮಲಗಿದ್ದಾರೆ.
ಒಬ್ಬ ಮುಖಕ್ಕೆ ಪೇಪರು ಹೊದ್ದು,
ಒಬ್ಬ ಚಪ್ಪಲಿಯನ್ನೇ ತಲೆದಿಂಬು ಮಾಡಿ,
ಆಟೋದವನು ಖಾಕಿಯ ಮೂರು ಗುಂಡಿ ಬಿಚ್ಚಿ
ಹೊಟ್ಟೆಯನ್ನು ಹೊಂಗೆ ನೆರಳಿಗೆ ಒಪ್ಪಿಸಿ.
ಇನ್ನಿಬ್ಬರು ಬರೀ ಹುಲ್ಲಿನ ಮೇಲೆ,
ಯಾರೋ ಮೂಟೆ ಬಿಚ್ಚಿ ಸುರಿದು ಹೋದ ಹಾಗೆ.

ಸಿಟ್ಟಿಲ್ಲ ನನಗೆ. ಹೊಟ್ಟೆಕಿಚ್ಚು.
ಆ ಬಾಯಿ ತೆರೆದ ನಿದ್ದೆಯ ಮೇಲೆ,
ಆ ಗೊರಕೆಯ ಮೇಲೆ.

ಬಡಾವಣೆಯ ಹೆಸರಲ್ಲೇ ಒಂಟಿ ಇದೆ.
ಒಂಟಿಯಾಗಿ ನಾನು ಕೂತರೆ ಮಾತ್ರ
‘ಯಾರಿಗಾದ್ರೂ ಕಾಯ್ತಿದೀರಾ?’

ನಾನು ಈ ಪಾರ್ಕನ್ನು ಓದಿಕೊಂಡದ್ದೇ ಬೇರೆ ಥರ:
ಬೆಂಚಿನಿಂದ ಗೇಟಿಗೆ ಮೂವತ್ತೊಂದು ಹೆಜ್ಜೆ,
ಓಡಿದರೆ ಹದಿನೇಳು.
ದಾಸವಾಳದ ಬೇಲಿ ತಲೆಮಟ್ಟ ಬೆಳೆದಿದೆ, ಆ ಕಡೆ ಬೇಡ.
ಮೂರನೇ ದೀಪ ಏಳಕ್ಕೆ ಮಿಣುಕಿ ಸಾಯುತ್ತದೆ.
ಅದಕ್ಕೆ ನಾವು ಬರೆದ ಅರ್ಜಿ ಎರಡು, ಬಂದ ಉತ್ತರ ಒಂದು:
‘ಕತ್ತಲಾದ ಮೇಲೆ ಯಾಕಮ್ಮ ಹೋಗ್ತೀರಿ?’
ಇಂಚರ ಹೇಳಿಕೊಟ್ಟದ್ದು: ಕಿವಿಯಲ್ಲಿ ಇಯರ್‌ಫೋನ್ ಇರಲಿ, ಹಾಡು ಬೇಡ.
ನಾಜ್ನೀನ್ ಖಾಲಿ ಗೇಟಿನ ಕಡೆ ಕೈಬೀಸಿ ಕೂಗುತ್ತಾಳೆ
‘ಅಣ್ಣಾ, ಬಂದೆ ಇರು!’
ಅವಳಿಗೆ ಅಣ್ಣನೇ ಇಲ್ಲ.

ಹೋದ ವರ್ಷ ದಸರಾ ರಜೆಯಲ್ಲಿ
ಬೆಂಚಿನ ಆ ತುದಿಗೆ ಒಬ್ಬ ಬಂದು ಕೂತ.
ಏನೂ ಮಾಡಲಿಲ್ಲ.
ನಾನೊಂದು ಪುಟ ತಿರುವಿದಾಗ ಒಂದು ಗೇಣು ಈಚೆ,
ಇನ್ನೊಂದು ಪುಟಕ್ಕೆ ಇನ್ನೊಂದು ಗೇಣು.
ಅಷ್ಟೇ.
ಒಂದು ಗೇಣನ್ನು ಪೊಲೀಸರಿಗೆ
ಹೇಗೆ ತೋರಿಸುವುದು?

ಇವತ್ತು ಪರೀಕ್ಷೆ ಮುಗಿದಿದೆ. ಎರಡು ರಾತ್ರಿಯ ನಿದ್ದೆ
ರೆಪ್ಪೆಯ ಮೇಲೆ ಕೂತು ಒದೆಯುತ್ತಿದೆ.
ಪೀಜಿಯ ಕೋಣೆಯಲ್ಲಿ ನಾಲ್ಕು ಮಂಚ, ಒಂದು ಫ್ಯಾನು, ಅದೂ ಕೆಟ್ಟಿದೆ.
ಕಸ ಗುಡಿಸುವ ಚಿಕ್ಕತಾಯಮ್ಮ ಪೊರಕೆ ನಿಲ್ಲಿಸಿ ನೋಡಿದಳು.
‘ಯಾಕವ್ವ, ಕಣ್ಣು ಕೆಂಡ ಆಗವೆ?
ಮನಿಕೋ ಇಲ್ಲೇ ಒಂದ್ಗಳಿಗೆ.’
‘ಇಲ್ಲೇ?’
‘ಅವರೆಲ್ಲ ಮನಗಿಲ್ವಾ? ನಾನಿವ್ನಿ, ಮನಿಕೋ.’

ಮಲಗಿದೆ.
ದುಪಟ್ಟಾವನ್ನು ಮೊದಲು ಕಾಲಿಗೆ ಎಳೆದೆ,
ಆಮೇಲೆ ಎದೆಗೆ.
ಎರಡಕ್ಕೂ ಸಾಲುವಂಥದ್ದನ್ನು ಯಾರೂ ನೇಯ್ದಿಲ್ಲ.
ಕೊನೆಗೆ ಎರಡನ್ನೂ ಬಿಟ್ಟು
ಮುಖಕ್ಕೆ ಹಾಕಿಕೊಂಡೆ, ಆ ಪೇಪರಿನವನ ಹಾಗೆ.

ತೆಳು ಬಟ್ಟೆಯ ಆಚೆ ಹೊಂಗೆ ಮರ.
ಕೂತು ನೋಡಿದ ಮರ ಅಲ್ಲ ಇದು,
ಇದಕ್ಕೆ ಹೊಟ್ಟೆಯಿದೆ, ಕಂಕುಳಿದೆ,
ತಲೆಕೆಳಗಾಗಿ ಓಡುವ ಅಳಿಲಿದೆ.
ಇಪ್ಪತ್ತೊಂದು ವರ್ಷ ಇದರ ಸೊಂಟದವರೆಗೆ ಮಾತ್ರ
ನನಗೆ ಪರಿಚಯ.

ಸರ್ರ್ ಸರ್ರ್ ಎನ್ನುವ ಪೊರಕೆಯನ್ನು
ಹಗ್ಗದ ಹಾಗೆ ಹಿಡಿದುಕೊಂಡೆ.
ಒಮ್ಮೆ ನಿಂತಿತು.
ಎದೆ ಎದ್ದು ಕೂತಿತು, ನಾನು ಏಳುವ ಮೊದಲೇ.
ಮೂವತ್ತೊಂದು, ಹದಿನೇಳು,
ಬೀಗದ ಕೈ ಯಾವ ಬೆರಳ ಸಂದಿಯಲ್ಲಿ...
ಎಲೆಗೆ ಸುಣ್ಣ ಹಚ್ಚುತ್ತಿದ್ದಳಂತೆ. ಮತ್ತೆ ಸರ್ರ್.
ಅಲ್ಲಿಂದಾಚೆ ನನಗೆ ನೆನಪಿಲ್ಲ.

ಎದ್ದಾಗ ಮೂರು ಗಂಟೆ.
ಕೆನ್ನೆಯ ಮೇಲೆ ಜೊಲ್ಲು, ಬೆಂಚಿನ ಪಟ್ಟಿಯ ಬರೆ.
ಆಟೋದವನು ಗುಂಡಿ ಹಾಕಿಕೊಳ್ಳುತ್ತ ಗೇಟು ದಾಟುತ್ತಿದ್ದ,
ಈ ಕಡೆ ನೋಡಲೇ ಇಲ್ಲ.
ಚಿಕ್ಕತಾಯಮ್ಮ ಬೆಂಚಿನ ಕಾಲಿಗೊರಗಿ
ಪೊರಕೆಯನ್ನು ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು
ಗಾಢ ನಿದ್ದೆಯಲ್ಲಿದ್ದಳು,
ಬಾಯಿ ತೆರೆದು.

ಫೋನು. ಮಳವಳ್ಳಿಯಿಂದ ಅಮ್ಮ.
‘ಎಲ್ಲಿದ್ದೀಯೇ?’
‘ಲೈಬ್ರರಿ’ ಅಂತ ಪಿಸುಗುಟ್ಟಿದೆ,
ಇವಳಿಗೆಲ್ಲಿ ಎಚ್ಚರವಾದೀತೋ ಎಂದು.
ಆ ಪಿಸುಮಾತಿಗೇ ಅಮ್ಮ ನಂಬಿಬಿಟ್ಟಳು.